ಒಂಟಿ ಕತ್ತೆಯನ್ನು ನಾವು ಕೊಡುವುದಿಲ್ಲ

"ತೋಟದ ಮನೆಗೆ ಒಂದು ಕತ್ತೆ ಬೇಕಿತ್ತು ಮೇಡಂ, ಮಕ್ಕಳಿಗೆ ಖುಷಿಯಾಗುತ್ತೆ" ಎಂಬ ಫೋನು ನಮಗೆ ಆಗಾಗ ಬರುತ್ತದೆ. ಒಂದನ್ನು ಕೊಡುವುದಿಲ್ಲ, ಕೊಟ್ಟರೆ ಎರಡನ್ನೇ ಕೊಡುವುದು ಎನ್ನುತ್ತೇನೆ. ಹೆಚ್ಚಿನವರು ಅಲ್ಲಿಗೇ ಮಾತು ಮುಗಿಸುತ್ತಾರೆ. ಕೆಲವರು ಯಾಕೆ ಎಂದು ಕೇಳುತ್ತಾರೆ. ಅಂಥವರ ಜೊತೆ ಅರ್ಧ ಗಂಟೆಯಾದರೂ ಮಾತನಾಡುತ್ತೇನೆ. ನಮ್ಮ ಪ್ರಾಣಿಗಳಿಗೆ ಸಿಕ್ಕ ಒಳ್ಳೆಯ ಮನೆಗಳೆಲ್ಲ ಹಾಗೆ ಕೇಳಿದವರ ಮನೆಗಳೇ.

ಕತ್ತೆ ಜೋಡಿ ಕಟ್ಟಿಕೊಂಡು ಬಾಳುವ ಪ್ರಾಣಿ. ಗಂಡು ಹೆಣ್ಣೇ ಆಗಬೇಕೆಂದಿಲ್ಲ. ತಾಯಿ ಮಗಳಿರಬಹುದು, ಒಂದೇ ಅಗಸರ ಮನೆಯಲ್ಲಿ ಗಂಟು ಹೊತ್ತ ಎರಡು ಗಂಡುಗಳಿರಬಹುದು. ಜೋಡಿಯಲ್ಲಿ ಒಂದನ್ನು ಬೇರೆ ಮಾಡಿದರೆ ಇನ್ನೊಂದು ಮೇವು ಬಿಡುತ್ತದೆ. ಹಸು ಒಂದು ದಿನ ಮೇವು ಬಿಟ್ಟರೆ ನಾವು ಅಷ್ಟು ಗಾಬರಿಯಾಗುವುದಿಲ್ಲ, ಕತ್ತೆಯ ವಿಷಯ ಹಾಗಲ್ಲ. ಹೊಟ್ಟೆಗೆ ಬೀಳದಿದ್ದಾಗ ಅದರ ಮೈಯ ಕೊಬ್ಬು ಕರಗಿ ಮಿತಿಮೀರಿ ರಕ್ತಕ್ಕೆ ಸೇರುತ್ತದೆ, ಪಿತ್ತಜನಕಾಂಗ ಮತ್ತು ಮೂತ್ರಪಿಂಡ ಸೋಲುತ್ತವೆ. ವೈದ್ಯರು ಇದನ್ನು ಹೈಪರ್‌ಲಿಪೀಮಿಯಾ ಎನ್ನುತ್ತಾರೆ. ಮೈತುಂಬಿದ ಕತ್ತೆಗಳಿಗೆ, ಗಬ್ಬದ ಕತ್ತೆಗಳಿಗೆ ಇದರ ಅಪಾಯ ಇನ್ನೂ ಹೆಚ್ಚು. ಹಾಗಾಗಿ "ಜೊತೆಗಾರ ಬೇಕು" ಎಂದು ನಾವು ಹೇಳುವುದು ಬರೀ ಮಮತೆಯ ಮಾತಲ್ಲ, ಪ್ರಾಣದ ಮಾತು. ಜೋಡಿಯಲ್ಲಿ ಒಂದು ಸತ್ತಾಗಲೂ ಹೆಣವನ್ನು ತಕ್ಷಣ ಸಾಗಿಸುವುದಿಲ್ಲ. ಉಳಿದದ್ದು ಹತ್ತಿರ ಬಂದು ಮೂಸಿ, ನಿಂತು, ತಾನಾಗಿಯೇ ಅತ್ತ ಹೋಗುವ ತನಕ ಬಿಡುತ್ತೇವೆ. ಹೀಗೆ ಬಿಟ್ಟವು ಹುಡುಕಾಡಿಕೊಂಡು ಅರಚುವುದು ಕಡಿಮೆ, ಮೇವಿಗೆ ಬೇಗ ಮರಳುತ್ತವೆ.

ಮೈಸೂರಿನ ಹೊರವಲಯದಲ್ಲಿ ಒಂದು ಕುಟುಂಬ ಬಿಟ್ಟುಕೊಟ್ಟ ಜಮೀನಿನಲ್ಲಿ ನಮ್ಮ ಲಾಯವಿದೆ. ನಿವೃತ್ತ ಪಶುವೈದ್ಯರೊಬ್ಬರು, ಕಾಲೇಜು ಹುಡುಗ ಹುಡುಗಿಯರು, ಹಳೆಯ ಬೆಲ್ಟಿನ ಪಟ್ಟಿಗಳಿಂದ ಮೊಗವಾಡ ಹೊಲಿದುಕೊಡುವ ಟೈಲರ್, ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರಿನಲ್ಲಿ ರಾಗಿ ಹುಲ್ಲು ತಂದು ಸುರಿಯುವ ಸುತ್ತಲಿನ ರೈತರು ಸೇರಿ ಇದನ್ನು ನಡೆಸುತ್ತೇವೆ. ಬರುವ ಪ್ರಾಣಿಗಳಲ್ಲಿ ಟಾಂಗಾದ ಕುದುರೆಗಳಿವೆ, ಮದುವೆ ಮೆರವಣಿಗೆಯಲ್ಲಿ ದುಡಿದು ಕಾಲು ಕುಂಟಾದವಿವೆ, ಓಟ ಮುಗಿಸಿ ಕೈಯಿಂದ ಕೈಗೆ ಮಾರಾಟವಾದ ರೇಸಿನ ಕುದುರೆಗಳಿವೆ. ಕತ್ತೆಗಳಲ್ಲಿ ಹೆಚ್ಚಿನವು ಬಟ್ಟೆ, ಇಟ್ಟಿಗೆ, ಮರಳು ಹೊತ್ತವು. ಲಗೇಜ್ ಆಟೊ ಬಂದ ಮೇಲೆ ಅವುಗಳಿಗೆ ಕೆಲಸವಿಲ್ಲ, ಕೆಲಸವಿಲ್ಲದ್ದಕ್ಕೆ ಮೇವಿಲ್ಲ, ರಾತ್ರಿ ಬೀದಿಗೆ ಬಿಡುತ್ತಾರೆ. ತಿಪ್ಪೆಯಲ್ಲಿ ಪ್ಲಾಸ್ಟಿಕ್ ತಿಂದು ಹೊಟ್ಟೆಶೂಲೆ ಬರಿಸಿಕೊಳ್ಳುವವು ಇವೇ. ಕುದುರೆ ಕತ್ತೆಗಳಿಗೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು, ಇಲ್ಲವೇ ಕರುಳಿನಲ್ಲಿ ಸಿಕ್ಕಿಕೊಂಡು ಕೊಲ್ಲಬೇಕು.

ಒಡೆಯರನ್ನು ಬೈದು ಪ್ರಾಣಿ ತರಬಾರದು ಎಂಬುದನ್ನು ಈ ಕೆಲಸ ನನಗೆ ಮೊದಲ ವರ್ಷಗಳಲ್ಲೇ ಕಲಿಸಿತು. ಕಾನೂನು ನಮ್ಮ ಕೈಯಲ್ಲಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಹೇರು ಹೊರುವ ಪ್ರಾಣಿಗಳಿಗೆಂದೇ ಮಾಡಿದ 1965ರ ನಿಯಮಗಳಿವೆ: ಕತ್ತೆಯ ಬೆನ್ನ ಮೇಲೆ 50 ಕೆ.ಜಿ., ಟಟ್ಟುವಿನ ಮೇಲೆ 70 ಕೆ.ಜಿ.ಗಿಂತ ಹೆಚ್ಚು ಹೇರುವಂತಿಲ್ಲ, ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಸುವಂತಿಲ್ಲ, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. 50 ಕೆ.ಜಿ. ಅಂದರೆ ಒಂದೇ ಒಂದು ಸಿಮೆಂಟ್ ಮೂಟೆ. ಇಟ್ಟಿಗೆ ಹೊರುವ ಕತ್ತೆಯನ್ನು ಕಂಡವರಿಗೆ ಈ ನಿಯಮ ಎಷ್ಟು ಪಾಲನೆಯಾಗುತ್ತಿದೆಯೆಂದು ಹೇಳಬೇಕಾಗಿಲ್ಲ. ಬೇಕೆಂದೇ ಹಿಂಸೆ ಕೊಟ್ಟ ಕಡೆ ನಾವು ಪೊಲೀಸರ ಬಳಿ ಹೋಗಿದ್ದೇವೆ, ಮುಂದೆಯೂ ಹೋಗುತ್ತೇವೆ. ಆದರೆ ಪ್ರಾಣಿ ಸೊರಗಿದ ಮನೆಯಲ್ಲಿ ಬಹಳ ಸಲ ಮನುಷ್ಯರೂ ಸೊರಗಿರುತ್ತಾರೆ. ಅಲ್ಲಿ ದೂರು ಕೊಟ್ಟು ಒಂದು ಕತ್ತೆ ಬಿಡಿಸಿ ತಂದರೆ ಆ ಕೇರಿಯ ಉಳಿದ ಕತ್ತೆಗಳ ಬಾಗಿಲು ನಮಗೆ ಮುಚ್ಚಿಹೋಗುತ್ತದೆ. ಅದರ ಬದಲು ವೈದ್ಯರನ್ನು ಕರೆದುಕೊಂಡು ಹೋಗುತ್ತೇವೆ, ಎಲ್ಲ ಪ್ರಾಣಿಗಳಿಗೂ ಧನುರ್ವಾಯು ಚುಚ್ಚುಮದ್ದು ಹಾಕಿಸುತ್ತೇವೆ, ಜೀನಿನ ಕೆಳಗೆ ಹಾಸಲು ದಪ್ಪ ಮೆತ್ತೆ ಕೊಡುತ್ತೇವೆ. ಮುಂಗಾಲು ಬಿಗಿದ ನೈಲಾನ್ ಹಗ್ಗ ತೆಗೆಸುತ್ತೇವೆ. ಆ ಹಗ್ಗ ಚರ್ಮ ಕೊರೆದು ಎಲುಬು ಮುಟ್ಟಿದ್ದನ್ನು ನಾನು ಕಂಡಿದ್ದೇನೆ.

ಟಾಂಗಾದ ಚಾಚಾ ಒಬ್ಬರು ತಮ್ಮ ಮುದಿ ಕುದುರೆಯನ್ನು ತಾವೇ ನಡೆಸಿಕೊಂಡು ಬಂದು ಒಪ್ಪಿಸಿದರು. "ಇದು ನನ್ನ ಮೂರು ಹೆಣ್ಣುಮಕ್ಳ ಮದ್ವೆ ಮಾಡಿದೆ ಅಮ್ಮಾ. ಮಾರಿದ್ರೆ ಕಸಾಯಿಖಾನೆಗೆ ಹೋಗುತ್ತೆ ಅಂತ ಗೊತ್ತು. ವಾರಕ್ಕೊಂದ್ಸಲ ನೋಡಕ್ಕೆ ಬಿಡ್ತೀರಲ್ವಾ?" ಎಂದು ಕೇಳಿದರು. ಈಗ ಶುಕ್ರವಾರದ ನಮಾಜ್ ಮುಗಿಸಿ ಬರುತ್ತಾರೆ. ಮೈ ತಿಕ್ಕುವುದು ಹೇಗೆಂದು ನಮ್ಮ ಹುಡುಗರಿಗೆ ಕಲಿಸಿದವರು ಅವರೇ. ಇಂಥವರನ್ನು ಖಳನಾಯಕರಾಗಿ ಚಿತ್ರಿಸಿ ಹಣ ಸಂಗ್ರಹಿಸುವುದು ಸುಲಭ, ಅದನ್ನು ನಾವು ಮಾಡುವುದಿಲ್ಲ.

ಬಂದ ಪ್ರಾಣಿಯನ್ನು ಮೊದಲು ಬೇರೆ ಕಟ್ಟುತ್ತೇವೆ. ಗ್ಲ್ಯಾಂಡರ್ಸ್ ಎಂಬ ರೋಗವಿದೆ, ಮನುಷ್ಯರಿಗೂ ಹರಡುತ್ತದೆ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಅದನ್ನು ವರದಿ ಮಾಡಲೇಬೇಕು. ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಅದನ್ನು ದೃಢಪಡಿಸುತ್ತದೆ. ದೃಢವಾದರೆ ಪ್ರಾಣಿಯನ್ನು ಉಳಿಸಿಕೊಳ್ಳುವ ಹಾಗಿಲ್ಲ. ರಕ್ತ ಪರೀಕ್ಷೆಯ ವರದಿ ಬರುವವರೆಗೆ ನೀರಿನ ತೊಟ್ಟಿ, ಬಕೆಟ್ಟು, ತಿಕ್ಕುವ ಬ್ರಷ್ಷು ಎಲ್ಲ ಬೇರೆ.

ಇನ್ನು ಮೇವು. ಎಲುಬು ಎಣಿಸುವ ಹಾಗಿರುವ ಕುದುರೆಯನ್ನು ನೋಡಿದ ತಕ್ಷಣ ನಮ್ಮ ಜನಕ್ಕೆ ಹೊಟ್ಟೆ ಚುರ್ ಎನ್ನುತ್ತದೆ. ಬೇಯಿಸಿದ ಹುರುಳಿ, ಬೂಸ, ಬೆಲ್ಲ ಹಿಡಿದು ಬರುತ್ತಾರೆ. ಅವರ ಕೈ ಹಿಡಿದು ತಡೆಯುವುದೇ ನಮ್ಮ ದೊಡ್ಡ ಕೆಲಸ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಹಿಟ್ಟು ಸಕ್ಕರೆ ಒಮ್ಮೆಲೇ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಜೀವಕೋಶಗಳೊಳಗೆ ಹೊಕ್ಕುಬಿಡುತ್ತವೆ. ಹೃದಯ, ಉಸಿರಾಟ ಕೈಕೊಡುತ್ತವೆ. ಹಸಿವಿನಲ್ಲಿ ಬದುಕುಳಿದ ಕುದುರೆ ಉಣಿಸಿದ ಕೆಲವೇ ದಿನಗಳಲ್ಲಿ ಸಾಯುವುದು ಹೀಗೆ. ಆದ್ದರಿಂದ ಮೊದಲ ದಿನಗಳಲ್ಲಿ ಕುದುರೆ ಮಸಾಲೆ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ನಾಲ್ಕು ಗಂಟೆಗೊಮ್ಮೆ ಕೊಡುತ್ತೇವೆ, ರಾತ್ರಿಯೂ ಎದ್ದು ಕೊಡುತ್ತೇವೆ. ಹತ್ತು ದಿನಗಳಲ್ಲಿ ನಿಧಾನವಾಗಿ ಏರಿಸುತ್ತೇವೆ. ಈ ರಾತ್ರಿ ಪಾಳಿಯನ್ನು ಹೊತ್ತವರು ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿಗಳು. ಹೇಗೂ ಎಚ್ಚರವಿರುತ್ತೇವೆ ಎಂದು ತಾವಾಗಿಯೇ ಒಪ್ಪಿಕೊಂಡರು.

ಕತ್ತೆಯ ತೊಂದರೆ ಇದಕ್ಕೆ ತಿರುವುಮುರುವು. ಒಣ ಸೀಮೆಯಲ್ಲಿ ಒರಟು ಮೇವು ತಿಂದು ಬದುಕಲು ಹುಟ್ಟಿದ ಪ್ರಾಣಿ ಅದು. ಹಸಿರು ಹುಲ್ಲು, ಬೂಸ ಧಾರಾಳವಾಗಿ ಸಿಕ್ಕರೆ ಕುತ್ತಿಗೆಯ ಮೇಲೆ ಕೊಬ್ಬು ಕಟ್ಟಿ, ಗೊರಸಿನೊಳಗೆ ಉರಿಯೂತವಾಗಿ ನಿಲ್ಲಲಾರದಂತಾಗುತ್ತದೆ. ಅದು ನೋವನ್ನೂ ಬಚ್ಚಿಡುತ್ತದೆ. ಕುದುರೆ ಹೊಟ್ಟೆನೋವಿಗೆ ಹೊರಳಾಡಿದರೆ ಕತ್ತೆ ತಲೆ ಬಗ್ಗಿಸಿ ಸುಮ್ಮನೆ ನಿಲ್ಲುತ್ತದೆ, ಅಷ್ಟೆ. ಸುಮ್ಮನೆ ನಿಂತ ಕತ್ತೆಯನ್ನು "ಪಾಪ, ಸಾಧು" ಎಂದುಕೊಂಡು ಹೋಗಬಾರದು, ಮೇವು ಮುಟ್ಟಿದೆಯೇ, ಲದ್ದಿ ಹಾಕಿದೆಯೇ ನೋಡಬೇಕು ಎಂಬುದು ನಮ್ಮ ಲಾಯದ ಮೊದಲ ಪಾಠ. ಮಳೆಗಾಲದಲ್ಲಿ ಅದಕ್ಕೆ ಸೂರು ಬೇಕೇ ಬೇಕು. ಕುದುರೆಯ ಕೂದಲಿನ ಹಾಗೆ ಕತ್ತೆಯ ಕೂದಲು ನೀರನ್ನು ಜಾರಿಸುವುದಿಲ್ಲ, ಮೈಯೆಲ್ಲ ನೆನೆದು ಚಳಿ ಹಿಡಿಯುತ್ತದೆ.

ಗಾಯ ಮಾಯುತ್ತದೆ, ಮೈ ತುಂಬುತ್ತದೆ. ಜೀನು ಉಜ್ಜಿದ ಜಾಗದಲ್ಲಿ ಬಿಳಿ ಕೂದಲು ಹುಟ್ಟಿ ಹಳೆಯ ಕಥೆ ಹೇಳುತ್ತದೆ. ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ. ಲಾಯದಲ್ಲಿ ಜಾಗವಿರುವುದು ಇಷ್ಟೇ. ಗುಣವಾದದ್ದನ್ನು ಕಳಿಸದಿದ್ದರೆ ಗಾಯಗೊಂಡದ್ದಕ್ಕೆ ಬಾಗಿಲು ತೆರೆಯಲಾಗುವುದಿಲ್ಲ. ಆದರೆ ಚೆನ್ನಾಗಿ ಸಾಕಿದ ಕತ್ತೆ ಮೂವತ್ತು ವರ್ಷ ಬದುಕಬಲ್ಲದು. ನಾವು ಕೊಡುವುದು ಒಂದು ಪ್ರಾಣಿಯನ್ನಷ್ಟೇ ಅಲ್ಲ, ಎರಡು ದಶಕಗಳ ಹೊಣೆಯನ್ನು. ಅದಕ್ಕೇ ಮನೆ ನೋಡುತ್ತೇವೆ, ಹೆಣ್ಣು ಕೊಡುವವರು ನೋಡುವ ಹಾಗೆ. ಬೇಲಿಯಲ್ಲಿ ಮುಳ್ಳುತಂತಿ ಇದೆಯೇ? ಬೇಸಿಗೆಯಲ್ಲಿ ನೀರು ಎಲ್ಲಿಂದ? ಹತ್ತಿರದ ಪಶು ಆಸ್ಪತ್ರೆ ಎಷ್ಟು ದೂರ? ಮನೆಯವರು ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು? ಆಳು ಎಂದರೆ ಆ ಆಳನ್ನೇ ಕರೆಸಿ ಮಾತನಾಡುತ್ತೇನೆ, ಏಕೆಂದರೆ ಪ್ರಾಣಿಗೆ ನಿಜವಾದ ಒಡೆಯರು ಅವರೇ.

ಕರಾರು ಪತ್ರವಿದೆ. ಮಾರುವಂತಿಲ್ಲ, ಮರಿ ಮಾಡಿಸುವಂತಿಲ್ಲ, ಹೇರು ಹೊರಿಸುವಂತಿಲ್ಲ. ಸಾಕಲಾಗದಿದ್ದರೆ ನಮಗೇ ತಿರುಗಿ ಕೊಡಬೇಕು, ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಕೊನೆಯ ಮಾತು ಬಹಳ ಮುಖ್ಯ. ನಾಚಿಕೆಯಿಂದ ಹೇಳಲಾರದೆ ಕೈದಾಟಿಸುವವರೇ ಹೆಚ್ಚು. ವಾಪಸ್ ಕರೆತರುವ ದಾರಿ ಹಗುರಾಗಿದ್ದರೆ ಪ್ರಾಣಿ ಉಳಿಯುತ್ತದೆ.

ಮದುವೆ ಮೆರವಣಿಗೆಗೆಂದು ಕೇಳುವವರಿಗೆ ಇಲ್ಲ ಎನ್ನುತ್ತೇವೆ. ಕತ್ತೆ ಹಾಲಿನ ವ್ಯಾಪಾರಕ್ಕೆಂದು ಕೇಳುವವರಿಗೂ ಇಲ್ಲ. ಮಕ್ಕಳ ಕೆಮ್ಮಿಗೆ ಒಂದು ಒಳಲೆ ಹಾಲು ಎಂದು ಬೀದಿಯಲ್ಲಿ ಕೂಗುತ್ತಾ ಹೋಗುವವರನ್ನು ನಾನು ದ್ವೇಷಿಸುವುದಿಲ್ಲ, ಅದು ಅವರ ಅನ್ನ. ಆದರೆ ಕತ್ತೆ ಕೊಡುವ ಹಾಲೇ ಸ್ವಲ್ಪ, ಅದರಲ್ಲಿ ಪಾಲು ಕಳೆದುಕೊಳ್ಳುವುದು ಬೆನ್ನಿಗೇ ನಿಂತಿರುವ ಮರಿ.

ಕೆಲವನ್ನು ಕಳಿಸಲಾಗುವುದಿಲ್ಲ. ಕಾಲು ಮುರಿದು, ಗೊರಸು ಕೊಳೆತು, ಔಷಧಿಗೆ ನೋವು ಬಗ್ಗದಿದ್ದಾಗ ವೈದ್ಯರು ನನ್ನ ಮುಖ ನೋಡುತ್ತಾರೆ. ಬದುಕಿಸುವುದೇ ಹಿಂಸೆಯಾದಾಗ ಅದನ್ನು ಮುಗಿಸಲು 1960ರ ಕಾಯ್ದೆಯ 13ನೇ ಕಲಂ ದಾರಿ ಕೊಟ್ಟಿದೆ. "ಗೋಶಾಲೆ ನಡೆಸೋರು ಕೊಲ್ತಾರಾ?" ಎಂದು ಕೇಳಿದವರಿದ್ದಾರೆ. ನಮ್ಮ ಮನಸ್ಸಿನ ಸಮಾಧಾನಕ್ಕಾಗಿ ಒಂದು ಕುದುರೆ ನೆಲಕ್ಕೊರಗಿ ವಾರಗಟ್ಟಲೆ ಹುಣ್ಣಾಗುತ್ತಾ ಬಿದ್ದಿರುವುದು ನನಗೆ ಒಪ್ಪಿಗೆಯಿಲ್ಲ. ಈ ಮಾತನ್ನು ಯಾರ ಮುಂದೆಯೂ ಹೇಳುತ್ತೇನೆ.

2012ರಿಂದ 2019ರ ಜಾನುವಾರು ಗಣತಿಗೆ ಬರುವಷ್ಟರಲ್ಲಿ ದೇಶದ ಕತ್ತೆಗಳು ಸುಮಾರು 3.2 ಲಕ್ಷದಿಂದ 1.2 ಲಕ್ಷಕ್ಕೆ ಇಳಿದಿವೆ. ಪ್ರಾಣಿಗಳ ಜೊತೆಗೆ ಅವುಗಳನ್ನು ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಇದು ನೇರವಾಗಿ ತಟ್ಟುವುದು ನಾವು ಕಳಿಸಿಕೊಟ್ಟ ಜೋಡಿಗಳಿಗೆ. ಆರರಿಂದ ಎಂಟು ವಾರಗಳಿಗೊಮ್ಮೆ ಗೊರಸು ಕತ್ತರಿಸಬೇಕು, ವರ್ಷಕ್ಕೊಮ್ಮೆಯಾದರೂ ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಬೇಕು. ಹಳ್ಳಿಯ ಮನೆಗಳಲ್ಲಿ ಮೇವಿದೆ, ಪ್ರೀತಿಯಿದೆ, ಆದರೆ ಕತ್ತೆಯ ಕಾಲೆತ್ತಿ ಹಿಡಿಯಬಲ್ಲವರಿಲ್ಲ. ಹಾಗಾಗಿ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಹಿರಿಯರೊಬ್ಬರನ್ನು ಭಾನುವಾರ ಕರೆಸಿಕೊಳ್ಳುತ್ತಿದ್ದೇವೆ. ಪ್ರಾಣಿ ಒಯ್ದ ಮನೆಗಳಿಂದ ಒಬ್ಬೊಬ್ಬರು ಬಂದು ಅವರ ಬಳಿ ಕೂತು ಕಲಿಯುತ್ತಾರೆ. ಹೊಸದಾಗಿ ಕತ್ತೆ ಕೇಳುವವರಿಗೆ ಈಗ ಎರಡು ಷರತ್ತು: ಜೋಡಿಯನ್ನೇ ಒಯ್ಯಬೇಕು, ಒಯ್ಯುವ ಮೊದಲು ಗೊರಸು ಕತ್ತರಿಸಲು ಕಲಿತಿರಬೇಕು. ಮುಂದಿನ ತಿಂಗಳು ಪಿರಿಯಾಪಟ್ಟಣದ ಕಡೆಯ ಒಬ್ಬ ರೈತರು, ಅವರ ಸೊಸೆ ಇಬ್ಬರೂ ಕಲಿಯಲು ಬರುತ್ತಿದ್ದಾರೆ.