ಲ್ಯಾಪ್‌ಟಾಪಿನ ನಿಸ್ತಂತು ಸಂಪರ್ಕ ಪದೇ ಪದೇ ಕಡಿಯುವುದೇಕೆ?

ವೈಟ್‌ಫೀಲ್ಡ್, ಹೂಡಿ, ಮಹದೇವಪುರಗಳ ಅನೇಕ ಸಣ್ಣ ಉದ್ಯಮಿಗಳು ದಿನದ ಲೆಕ್ಕಪತ್ರವನ್ನು ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಮುಗಿಸುವುದು ರೂಢಿಯಾಗಿದೆ. 2018ರ ಏಪ್ರಿಲ್ 1ರಂದು ಇ-ವೇ ಬಿಲ್ಲು ಜಾರಿಗೆ ಬಂದಂದಿನಿಂದ, ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕು ಹೊರಡಬೇಕಾದರೆ ಅಂತರಜಾಲ ಬೇಕೇ ಬೇಕು. ಲಾರಿ ಗೇಟಿನಲ್ಲಿ ನಿಂತಿರುವಾಗ ಮನೆಯ ವೈ-ಫೈ ಕಡಿದುಹೋದರೆ ಆಗುವ ಪೇಚಾಟ ಸದಸ್ಯರಿಗೆ ಗೊತ್ತಿರುವುದೇ. ಆಗ ಬಹಳಷ್ಟು ಮಂದಿ ಹೆಚ್ಚು ವೇಗದ ಯೋಜನೆಗೆ ಹಣ ಕಟ್ಟುತ್ತಾರೆ, ಇಲ್ಲವೆ ಹೊಸ ರೂಟರ್ ಕೊಳ್ಳುತ್ತಾರೆ. ದೋಷ ಎಲ್ಲಿದೆಯೆಂದು ತಿಳಿಯದೆ ಮಾಡುವ ಈ ವೆಚ್ಚ ಅನೇಕ ವೇಳೆ ವ್ಯರ್ಥವಾಗುತ್ತದೆ.

ಸಂಪರ್ಕದಲ್ಲಿ ಎರಡು ಕೊಂಡಿಗಳಿವೆ: ಲ್ಯಾಪ್‌ಟಾಪಿನಿಂದ ರೂಟರಿಗೆ ಒಂದು, ರೂಟರಿನಿಂದ ಸೇವಾ ಸಂಸ್ಥೆಗೆ ಇನ್ನೊಂದು. ಕಡಿಯುತ್ತಿರುವುದು ಯಾವುದೆಂದು ಮೊದಲು ನಿರ್ಧರಿಸತಕ್ಕದ್ದು. ವಿಂಡೋಸ್‌ನಲ್ಲಿ ಕಮ್ಯಾಂಡ್ ಪ್ರಾಂಪ್ಟ್ ಅನ್ನು ಎರಡು ಬಾರಿ ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೂ (192.168.1.1 ಅಥವಾ 192.168.0.1 ಇರುವುದು ಸಾಮಾನ್ಯ, ರೂಟರಿನ ಅಡಿಯ ಚೀಟಿಯಲ್ಲಿ ನೋಡಬಹುದು), ಇನ್ನೊಂದರಲ್ಲಿ 8.8.8.8 ಎಂಬ ಹೊರಗಿನ ವಿಳಾಸಕ್ಕೂ ಪಿಂಗ್ ಆಜ್ಞೆ ಕೊಡಬೇಕು. ಆಜ್ಞೆಯ ಕೊನೆಗೆ ಚಿಕ್ಕ ಅಡ್ಡಗೆರೆ ಮತ್ತು ಇಂಗ್ಲಿಷಿನ ‘ಟಿ’ ಅಕ್ಷರ ಸೇರಿಸಿದರೆ ನಾವು ನಿಲ್ಲಿಸುವವರೆಗೆ ಪರೀಕ್ಷೆ ನಡೆಯುತ್ತಲೇ ಇರುತ್ತದೆ. ಸಂಪರ್ಕ ತಪ್ಪಿದ ಗಳಿಗೆಯಲ್ಲಿ ರೂಟರ್ ಉತ್ತರಿಸುತ್ತಿದ್ದು ಹೊರಗಿನ ವಿಳಾಸ ಮಾತ್ರ ಸುಮ್ಮನಾದರೆ ದೂರು ಕೊಡಬೇಕಾದದ್ದು ಸೇವಾ ಸಂಸ್ಥೆಗೆ. ಎರಡೂ ಸುಮ್ಮನಾದರೆ ದೋಷ ಮನೆಯೊಳಗೇ ಇದೆ. ವೇಗ ಹೆಚ್ಚಿಸಿಕೊಂಡು ಪ್ರಯೋಜನವಿಲ್ಲ.

ಆಗ ರೂಟರಿನ ದೀಪಗಳನ್ನು ಗಮನಿಸಬೇಕು. ವಿದ್ಯುತ್ ಹೋಗಿ ಇನ್‌ವರ್ಟರ್ ಹೊತ್ತುವ ಕ್ಷಣಮಾತ್ರದ ಅಂತರದಲ್ಲಿ ರೂಟರ್ ಆರಿ, ಮರಳಿ ಸಿದ್ಧವಾಗಲು ಒಂದೆರಡು ನಿಮಿಷ ಹಿಡಿಯುತ್ತದೆ. ಮನೆಯ ದೀಪ ಒಮ್ಮೆ ಮಿಣುಕಿದ್ದಷ್ಟೇ ಕಾಣುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ರೂಟರಿಗೆಂದೇ ದೊರೆಯುವ ಪುಟ್ಟ ಯುಪಿಎಸ್ ಇದಕ್ಕೆ ಸಾಕು. ಸೇವಾ ಸಂಸ್ಥೆಯ ಪೆಟ್ಟಿಗೆ ಪ್ರತ್ಯೇಕವಾಗಿದ್ದರೆ ಅದಕ್ಕೂ ಬೇಕು.

ರೂಟರ್ ಆರಿಲ್ಲವಾದರೆ, ಲ್ಯಾಪ್‌ಟಾಪ್ ಇರುವ ಜಾಗದಲ್ಲಿಯೇ ಮೊಬೈಲನ್ನು ಅದೇ ವೈ-ಫೈಗೆ ಜೋಡಿಸಿ ನೋಡಬೇಕು. ಮೊಬೈಲೂ ಕಡಿದರೆ ತರಂಗದ ತೊಂದರೆಯೆಂದು ತಿಳಿಯಬಹುದು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ನಮ್ಮ ದೇಶದಲ್ಲಿ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಮನೆಮನೆಗೂ ವೈ-ಫೈ ಬರಲು ಅದೇ ದಾರಿಯಾಯಿತು. ಆದರೆ ಈ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರು ಮಾತ್ರ. ವೈಟ್‌ಫೀಲ್ಡ್‌ನ ಬಹುಮಹಡಿ ವಸತಿ ಸಮುಚ್ಚಯದಲ್ಲಿ ಮೇಲೆ, ಕೆಳಗೆ, ಅಕ್ಕಪಕ್ಕದ ಮನೆಗಳವರೆಲ್ಲ ಈ ಮೂರನ್ನೇ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಮನೆಗೆ ಮರಳಿದ ಮೇಲೆ ತೊಂದರೆ ಹೆಚ್ಚುವುದು ಇದರಿಂದಲೇ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಸುಮಾರು ಇದೇ ತರಂಗದಲ್ಲಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಕೂಡ ಈ ಪಟ್ಟಿಗೆ ಅಡಚಣೆ ಮಾಡಬಲ್ಲದೆಂಬುದು ಅನೇಕರಿಗೆ ತಿಳಿಯದು; ಬ್ಯಾಕಪ್ ತೆಗೆಯುವಾಗಲೇ ಸಂಪರ್ಕ ತಪ್ಪುವ ರಹಸ್ಯ ಅಲ್ಲಿರಬಹುದು. 5 ಗಿಗಾಹರ್ಟ್ಸ್‌ಗೆ ಬದಲಾಯಿಸುವುದು ಸರಳ ಪರಿಹಾರ. ಅದು ಗೋಡೆಗಳನ್ನು ಅಷ್ಟಾಗಿ ದಾಟದ ಕಾರಣ ರೂಟರ್ ಅದೇ ಕೋಣೆಯಲ್ಲಿಯೋ ಪಕ್ಕದಲ್ಲಿಯೋ ಇರಬೇಕು. ಎರಡು ಪಟ್ಟಿಗಳಿಗೂ ಒಂದೇ ಹೆಸರಿದ್ದರೆ ಲ್ಯಾಪ್‌ಟಾಪ್ ಅತ್ತಿಂದಿತ್ತ ಜಿಗಿಯುತ್ತ ಕಡಿದುಕೊಳ್ಳುವುದುಂಟು. ಬೇರೆ ಬೇರೆ ಹೆಸರು ಕೊಟ್ಟು ಪರೀಕ್ಷಿಸಬಹುದು.

ಮೊಬೈಲ್ ನೆಟ್ಟಗಿದ್ದು ಲ್ಯಾಪ್‌ಟಾಪ್ ಮಾತ್ರ ಕಡಿದರೆ, ಅದರಲ್ಲಿಯೂ ಚಾರ್ಜರ್ ತೆಗೆದಾಗ ಹೆಚ್ಚು ಕಡಿದರೆ, ವಿದ್ಯುತ್ ಉಳಿತಾಯದ ಏರ್ಪಾಡಿನ ಮೇಲೆ ಸಂಶಯ ಪಡಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ವೈ-ಫೈ ಅಡಾಪ್ಟರನ್ನು ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದೆಂಬ ಗುರುತನ್ನು ತೆಗೆಯಬೇಕು. ಬಳಿಕ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಡ್ರೈವರನ್ನು ನವೀಕರಿಸಬೇಕು.

ಇನ್ನೊಂದು ಕಂಪ್ಯೂಟರಿನಲ್ಲಿರುವ ಲೆಕ್ಕದ ಕಡತವನ್ನು ವೈ-ಫೈ ಮೂಲಕ ತೆರೆದು ಕೆಲಸ ಮಾಡುವವರು ಇದಾವುದನ್ನೂ ಕಾಯದೆ ಕೇಬಲ್ ಎಳೆಸಿಕೊಳ್ಳುವುದು ಲೇಸು. ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಕಡತವೇ ಕೆಡಬಹುದು.

ಇ-ವೇ ಬಿಲ್ಲು ಸಲ್ಲಿಸುವ ಗಳಿಗೆಯಲ್ಲಿಯೇ ಸಂಪರ್ಕ ಹೋಯಿತೆನ್ನಿ. ಬಿಲ್ಲು ಆಗಲಿಲ್ಲವೆಂದು ಭಾವಿಸಿ ಕೂಡಲೇ ಮತ್ತೊಮ್ಮೆ ಒತ್ತಬಾರದು. ಮೊಬೈಲಿನ ಹಾಟ್‌ಸ್ಪಾಟ್ ಮೂಲಕ ಒಳಹೋಗಿ ಅಂದಿನ ಬಿಲ್ಲುಗಳ ಪಟ್ಟಿಯನ್ನು ಮೊದಲು ನೋಡಬೇಕು. ಎರಡು ಬಾರಿ ಆಗಿಹೋಗಿದ್ದರೆ, ದಾರಿಯಲ್ಲಿ ಅಧಿಕಾರಿಗಳು ತಪಾಸಣೆ ಮಾಡಿರದಿದ್ದಲ್ಲಿ, ಒಂದನ್ನು 24 ಗಂಟೆಗಳೊಳಗೆ ರದ್ದುಪಡಿಸಲು ಅವಕಾಶವಿದೆ.