ಘಾರಾಪುರಿಗೆ ಒಂದು ಇಡೀ ದಿನ

ಊರಿನಿಂದ ನೆಂಟರು ಮುಂಬಯಿಗೆ ಬಂದರೆ ಅವರನ್ನು ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪದ ಗುಹೆಗಳನ್ನು ತೋರಿಸಲು ಕರೆದೊಯ್ಯುವುದು ವರ್ಷಗಳಿಂದ ನನ್ನ ಪಾಲಿನ ಕೆಲಸ. ಹಿರಿಯರೊಡನೆ, ಮಕ್ಕಳೊಡನೆ ಹೋಗಿಬಂದು ಕಲಿತ ಮೊದಲ ಮಾತು ಇದು: ಅರ್ಧ ದಿನದಲ್ಲಿ ಮುಗಿಸುವ ಲೆಕ್ಕ ಹಾಕಬೇಡಿ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೊರಡುವ ಮೊದಲ ಲಾಂಚುಗಳಲ್ಲೇ ಹೋಗಿ. ಬಿಸಿಲೇರುವ ಮುನ್ನ ಗುಡ್ಡ ಹತ್ತಬಹುದು, ಗುಹೆಯಲ್ಲಿ ಜನವೂ ಕಡಿಮೆ.

1924ರಲ್ಲಿ ಕಟ್ಟಿ ಮುಗಿದ ಗೇಟ್‌ವೇ ಆಫ್ ಇಂಡಿಯಾದ ಬಳಿ ಕಡಲಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಇಳಿತದ ಹೊತ್ತಿನಲ್ಲಿ ಕೆಳಗಿನ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ. ಲಾಂಚುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಕೆಲವೊಮ್ಮೆ ಒಂದನ್ನು ದಾಟಿಯೇ ಇನ್ನೊಂದಕ್ಕೆ ಕಾಲಿಡಬೇಕು. ಚೀಲ ಹೆಗಲಿಗೇರಿಸಿ, ಎರಡೂ ಕೈ ಬಿಡುವಾಗಿಟ್ಟುಕೊಂಡು, ಖಲಾಸಿ ಚಾಚಿದ ಕೈಯನ್ನು ಸಂಕೋಚವಿಲ್ಲದೆ ಹಿಡಿಯಿರಿ. ಮೇಲಿನ ಡೆಕ್ಕಿನಲ್ಲಿ ಗಾಳಿ ಚೆನ್ನ, ಆದರೆ ಏಣಿ ಕಡಿದು. ಮಂಡಿನೋವಿನವರಿಗೆ ಕೆಳಗೇ ಹಿತ.

ಹತ್ತು ಕಿಲೋಮೀಟರು ದಾಟಲು ಸುಮಾರು ಒಂದು ಗಂಟೆ. ಎಡಕ್ಕೆ ನೌಕಾಪಡೆಯ ಹಡಗುಗಳು, ಮುಂದೆ ತೈಲದ ಹಡಗುಗಳು ತಂಗುವ ಜವಾಹರ್ ದ್ವೀಪ, ದೂರದಲ್ಲಿ ನ್ಹಾವಾ ಶೇವಾ ಬಂದರಿನ ಎತ್ತರದ ಕ್ರೇನುಗಳು. ನಡುವೆ ಮಸುಕು ನೀಲಿಯಾಗಿದ್ದ ಗುಡ್ಡವೊಂದು ಹತ್ತಿರ ಬಂದಂತೆ ಹಸಿರಾಗುತ್ತದೆ. ದಡದ ಕೆಸರಿನಲ್ಲಿ ಕಾಂಡ್ಲಾ ಗಿಡಗಳು, ಮೇಲೆ ದಟ್ಟ ಮರಗಳು. ಇಷ್ಟು ದೊಡ್ಡ ನಗರದ ಎದುರಿಗೇ ಇಷ್ಟು ಹಸಿರು ಉಳಿದಿರುವುದು ನನಗೆ ಪ್ರತಿಸಲವೂ ಸಮಾಧಾನ ಕೊಡುತ್ತದೆ.

ಜೆಟ್ಟಿಯಿಂದ ಗುಡ್ಡದ ಬುಡದವರೆಗೆ ಪುಟಾಣಿ ರೈಲಿದೆ. ಆಮೇಲೆ ಅಂಗಡಿಸಾಲಿನ ನಡುವಿನ ಮೆಟ್ಟಿಲುಗಳು. ತಿಂಡಿಯ ಪೊಟ್ಟಣ ಕೈಯಲ್ಲಿದ್ದರೆ ಕೋತಿಗಳು ಬಿಡುವುದಿಲ್ಲ.

ಗುಹೆಯೊಳಗೆ ಕಾಲಿಟ್ಟ ಕೂಡಲೇ ಫೋಟೊ ತೆಗೆದು ಹೊರಬೀಳುವವರೇ ಹೆಚ್ಚು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಕತ್ತಲೆಯಷ್ಟೇ ಕಾಣುವುದು. ಕಂಬಗಳ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಮೂರಾಳೆತ್ತರದ ಸದಾಶಿವ ಆಗ ಮೆಲ್ಲಗೆ ಮೂಡುತ್ತಾನೆ: ನಮ್ಮ ಎಡಕ್ಕೆ ಉಗ್ರನಾದ ಅಘೋರ, ಬಲಕ್ಕೆ ಹೆಣ್ತನದ ವಾಮದೇವ, ನಡುವೆ ಅರೆಗಣ್ಣಿನ ಶಾಂತ ಮುಖ. ಎಡಗೋಡೆಯ ಅರ್ಧನಾರೀಶ್ವರನನ್ನು ಕಂಡು ಬಾಗಲಕೋಟೆಯ ದೊಡ್ಡವ್ವ, "ತಮ್ಮಾ, ಈ ಸ್ವಾಮಿ ನಮ್ಮ ಬಾದಾಮ್ಯಾಗೂ ಅದಾನ" ಅಂದಳು. ನಿಜವೇ. ಬಾದಾಮಿಯ ಮೊದಲ ಗುಹೆಯಲ್ಲಿ ಅರ್ಧನಾರೀಶ್ವರನಿದ್ದಾನೆ, ನಟರಾಜನೂ ಇದ್ದಾನೆ. ಎರಡೂ ಕಡೆಯವು ಆರನೆಯ ಶತಮಾನದ ಕೆಲಸವೆಂದು ವಿದ್ವಾಂಸರು ಎಣಿಸುತ್ತಾರೆ. ಅದೇ ಬಾದಾಮಿಯ ದೊರೆ ಇಮ್ಮಡಿ ಪುಲಿಕೇಶಿ ಹಡಗುಗಳೊಡನೆ ಪುರಿ ಎಂಬ ನಗರವನ್ನು ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ಇತಿಹಾಸಕಾರರ ಮತ. ದೊಡ್ಡವ್ವ ಹಾಗೆ ಅಂದಂದಿನಿಂದ ಕನ್ನಡ ನಾಡಿನಿಂದ ಬಂದವರನ್ನು ನಾನು ಈ ಗೋಡೆಯ ಮುಂದೆ ಮೊದಲು ನಿಲ್ಲಿಸುತ್ತೇನೆ. ಇಲ್ಲಿನ ನಟರಾಜನ ಕೈಕಾಲು ಮುರಿದಿವೆ. ಉಳಿದ ಮುಂಡದ ಬಾಗಿನಲ್ಲೇ ಕುಣಿತ ಇನ್ನೂ ಇದೆ.

ಗುಹೆ ನೋಡಿದ ಮೇಲೆ ಊರು ನೋಡಿ. ದ್ವೀಪದಲ್ಲಿ ಶೇತ್‌ಬಂದರ್, ರಾಜ್‌ಬಂದರ್, ಮೋರಾಬಂದರ್ ಎಂಬ ಮೂರು ಹಳ್ಳಿಗಳಿವೆ. ಎದುರಿಗೆ ಮುಂಬಯಿ ರಾತ್ರಿಯಿಡೀ ಬೆಳಗುತ್ತಿದ್ದರೂ ಇವರಿಗೆ ದಿನವಿಡೀ ಕರೆಂಟು ಸಿಕ್ಕಿದ್ದು 2018ರಲ್ಲಿ, ಕಡಲಡಿಯ ಕೇಬಲಿನಿಂದ. ಅದಕ್ಕೂ ಮುಂಚೆ ಸಂಜೆಯ ಕೆಲವು ಗಂಟೆ ಜನರೇಟರು. ಬುತ್ತಿ ಕಟ್ಟಿಕೊಂಡು ಹೋಗುವುದನ್ನು ನಾನು ಬಿಟ್ಟಿದ್ದೇನೆ. ಇಲ್ಲಿನವರ ಮನೆಯೂಟವೇ ಉಣ್ಣಬೇಕು. ನಾಲ್ಕು ಕಾಸು ದ್ವೀಪದಲ್ಲೇ ಉಳಿಯಲಿ.

ಹಿಂತಿರುಗುವಾಗ ಕೊನೆಯ ಲಾಂಚಿಗೆ ಕಾಯಬೇಡಿ, ಆಗ ನೂಕುನುಗ್ಗಲು. ಮಳೆಗಾಲದಲ್ಲಿ ಕಡಲು ಕೆರಳಿದರೆ ದೋಣಿಗಳೇ ನಿಲ್ಲುತ್ತವೆ, ಹೊರಡುವ ಮುನ್ನ ವಿಚಾರಿಸಿ. 2024ರ ಡಿಸೆಂಬರ್ 18ರಂದು ಇದೇ ದಾರಿಯ ಲಾಂಚಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂದು ಕಡಲು ಕೆರಳಿರಲಿಲ್ಲ, ಸಂಜೆ ನಾಲ್ಕರ ಸುಮಾರಿನ ಬೆಳಕೂ ಇತ್ತು. ಆದ್ದರಿಂದ ಸೆಕೆಯೆಂದೋ ಫೋಟೊ ಕೆಡುತ್ತದೆಂದೋ ಲೈಫ್ ಜಾಕೆಟ್ ಬಿಚ್ಚಬೇಡಿ. ಮಕ್ಕಳ ಅಳತೆಯದು ಕಾಣದಿದ್ದರೆ ಕೇಳಿ ಪಡೆಯಿರಿ, ಕೊಡದಿದ್ದರೆ ಆ ಲಾಂಚು ಹತ್ತಬೇಡಿ. ಮತ್ತೆ, ಸೋಮವಾರ ಹೋಗಬೇಡಿ. ಅಂದು ಗುಹೆಗಳಿಗೆ ರಜೆ.