ಲಿವರ್ ಕೂಗುವುದಿಲ್ಲ: ಚಿಂಚೋಳಿ ಪಾಳಿಯವರಿಗೆ ಹನ್ನೆರಡು ಸೂತ್ರ

ಇದು ಕಲಬುರಗಿ ಜಿಲ್ಲೆಯ ಚಿಂಚೋಳಿ ಅಲ್ಲ. ಸೊಲ್ಲಾಪುರ ದಾಟಿ ಪುಣೆ ಹೆದ್ದಾರಿ ಹಿಡಿದರೆ ಮೋಹೋಳ ತಾಲೂಕಿನಲ್ಲಿ ಸಿಗುವ ಚಿಂಚೋಳಿ ಕಾಟಿ, ಅಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ. ಗೇಟಿನಲ್ಲಿ ಮರಾಠಿ, ಡಬ್ಬಿ ಬಿಚ್ಚಿದಾಗ ಕನ್ನಡ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯವರ ರೂಢಿಯೇ ಹಾಗೆ. ಇಲ್ಲಿ ಯಶಸ್ಸು ಅಂದರೆ ಪರ್ಮನೆಂಟ್ ಆಗುವುದು, ಓವರ್‌ಟೈಮ್ ಸಿಗುವುದು, ಮಕ್ಕಳು ಓದಿ ಮುಂದೆ ಬರುವುದು. ಅದಕ್ಕೆಲ್ಲ ರಿಟೈರ್ ಆಗುವ ತನಕ ನಡೆಯುವ ಮೈ ಬೇಕು. ಬೆನ್ನು ಹಿಡಿದರೆ ಗೊತ್ತಾಗುತ್ತದೆ, ಹಲ್ಲು ನೊಂದರೆ ನಿದ್ದೆ ಕೆಡುತ್ತದೆ. ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುವ ಲಿವರ್ ಮಾತ್ರ ಬಹುಪಾಲು ಹಾಳಾದರೂ ಸುಮ್ಮನೆ ದುಡಿಯುತ್ತಿರುತ್ತದೆ. ನೋವಿಗಾಗಿ ಕಾದವರು ಆಸ್ಪತ್ರೆಗೆ ತಡವಾಗಿಯೇ ಬರುತ್ತಾರೆ.

1. ಮೊದಲು ನೀರು ನೋಡಿ. ಸೊಲ್ಲಾಪುರಕ್ಕೆ ಉಜನಿಯ ನೀರು ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಕೆಲವು ದಿನಗಳಿಗೊಮ್ಮೆ ನಲ್ಲಿ ಬರುವುದು ಊರಿಗೆ ವರ್ಷಗಳಿಂದ ರೂಢಿಯಾಗಿದೆ. ಪೈಪು ಖಾಲಿ ಬಿದ್ದಿರುವಾಗ ಒಡಕಿನಿಂದ ಗಟಾರದ ನೀರು ಒಳಗೆ ಸೇರುತ್ತದೆ, ನಲ್ಲಿ ಬಿಟ್ಟಾಗ ಅದೇ ಮೊದಲು ಹೊರಗೆ ಬರುತ್ತದೆ. ಹೆಪಟೈಟಿಸ್ ಎ ಮತ್ತು ಇ ಹರಡುವುದು ಹೀಗೇ. 2012ರಲ್ಲಿ ನಮ್ಮ ಹಾಗೇ ಮಗ್ಗದ ಊರಾದ ಇಚಲಕರಂಜಿಯಲ್ಲಿ ಕಾಮಣಿ ಮನೆಮನೆಗೆ ಹಬ್ಬಿದ್ದು ಹೆಪಟೈಟಿಸ್ ಇ ವೈರಸ್ಸಿನಿಂದ. ಮೊದಲ ಬಕೆಟ್ಟು ಬಚ್ಚಲಿಗೆ ಸುರಿಯಿರಿ. ಕುಡಿಯುವ ನೀರು ತಳಮಳ ಕುದಿಯಬೇಕು, ಬರೀ ಬೆಚ್ಚಗಾದರೆ ಸಾಲದು. ಮನೆಯಲ್ಲಿ ಬಸುರಿ ಇದ್ದರೆ ಇನ್ನೂ ಎಚ್ಚರ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗುಲಿದವರಲ್ಲಿ ನೂರಕ್ಕೆ 20–25 ಜನ ಸಾಯಬಹುದು.

2. ಕಾಮಣಿಗೆ ಔಷಧಿ ಹಾಕಿಸುವ ಮುಂಚೆ ರಕ್ತ ತೋರಿಸಿ. ಕಣ್ಣು ಹಳದಿಯಾದ ತಕ್ಷಣ ಯಾವ ಊರಲ್ಲಿ ಯಾರು ಬೇರು ಕೊಡುತ್ತಾರೆ, ಯಾರು ಮುಂಗೈಗೆ ಬರೆ ಹಾಕುತ್ತಾರೆ ಎಂಬ ವಿಚಾರಣೆ ಶುರುವಾಗುತ್ತದೆ. ಎ ಮತ್ತು ಇ ಕಾಮಣಿ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಬೇರು ಕೊಟ್ಟವನಿಗೆ ಬರುತ್ತದೆ. ಕಾಮಣಿಗೆ ಕಾರಣ ಪಿತ್ತನಾಳದ ಕಲ್ಲೋ, ಗಡ್ಡೆಯೋ, ಹೆಪಟೈಟಿಸ್ ಬಿಯೋ ಆಗಿದ್ದರೆ ಅಮೂಲ್ಯವಾದ ಒಂದು ತಿಂಗಳು ಬೇರಿನ ಹೆಸರಲ್ಲೇ ಹೋಗುತ್ತದೆ. ಇನ್ನೊಂದು ವಿಚಿತ್ರ ನೋಡಿ: ಕೊಳಕು ನೀರಿನಿಂದ ಕಾಮಣಿ ಹಿಡಿದವನಿಗೆ ‘ಲಿವರ್ ತಂಪಾಗಲಿ’ ಅಂತ ರಸ್ತೆ ಬದಿಯ ಕಬ್ಬಿನ ಹಾಲು ಕುಡಿಸುತ್ತಾರೆ. ಅದರೊಳಗಿನ ಬರ್ಫ ಯಾವ ನೀರಿನದು ಎಂದು ಯಾರೂ ಕೇಳುವುದಿಲ್ಲ. ಅರಿಶಿನ, ಉಪ್ಪು, ಎಣ್ಣೆ ಎಲ್ಲ ಬಂದ್ ಮಾಡಿ ರೋಗಿಯನ್ನು ಉಪವಾಸ ಕೆಡವುವುದೂ ಬೇಡ. ರುಚಿಸಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಊಟ ಮಾಡಲಿ.

3. ಕ್ವಾರ್ಟರನ್ನು ಗ್ರಾಮಿನಲ್ಲಿ ಅಳೆಯಿರಿ. ‘ಕಾಕಾ, ಒಂದ ಕ್ವಾರ್ಟರ್ ಐತ್ರಿ, ಏನಾಗತದ?’ ಲೆಕ್ಕ ಹಾಕೋಣ. 180 ಮಿಲಿ, ಶೇಕಡಾ 42.8 ಆಲ್ಕೋಹಾಲ್: ಸುಮಾರು 60 ಗ್ರಾಂ. ಸ್ಟ್ರಾಂಗ್ ಬಿಯರಿನ ದೊಡ್ಡ ಬಾಟಲಿಯಲ್ಲಿ 40 ಗ್ರಾಂ. ದಿನಾ ಇಷ್ಟು ಇಳಿಸುವವರ ಲಿವರಿನಲ್ಲಿ ಮೊದಲು ಕೊಬ್ಬು, ಆಮೇಲೆ ಉರಿಯೂತ, ವರ್ಷಗಳು ಕಳೆದಂತೆ ಗಾಯದ ಕಲೆ. ಆ ಕಲೆ ಇಡೀ ಲಿವರಿಗೆ ಹಬ್ಬಿದರೆ ಸಿರೋಸಿಸ್. ಸುರಕ್ಷಿತ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿಬಿಟ್ಟಿದೆ. ಹಾತಭಟ್ಟಿ ಸಾರಾಯಿಯ ಮಾತೇ ಬೇರೆ, ಅದರಲ್ಲಿ ಏನು ಬೆರೆತಿದೆ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಮುಳೇಗಾಂವ ತಾಂಡಾದಲ್ಲಿ ಭಟ್ಟಿ ನಂಬಿ ಬದುಕುತ್ತಿದ್ದ ಕುಟುಂಬಗಳಿಗೆ ಬೇರೆ ಕಸುಬು ಕೊಡಿಸಲು 2021ರಲ್ಲಿ ಆಗಿನ ಸೊಲ್ಲಾಪುರ ಗ್ರಾಮೀಣ ಪೊಲೀಸ್ ವರಿಷ್ಠಾಧಿಕಾರಿ ತೇಜಸ್ವಿ ಸಾತಪುತೆ ‘ಆಪರೇಷನ್ ಪರಿವರ್ತನ’ ಶುರು ಮಾಡಿದರು. ಭಟ್ಟಿ ಒಡೆಯುವುದು ಸುಲಭ, ಭಟ್ಟಿಯವನ ಹೊಟ್ಟೆಪಾಡಿಗೆ ದಾರಿ ಮಾಡುವುದು ಕಷ್ಟ; ಅವರು ಕಷ್ಟದ ಕೆಲಸಕ್ಕೆ ಕೈಹಾಕಿದರು. ಇನ್ನೊಂದು ಮಾತು. ವರ್ಷಗಟ್ಟಲೆ ದಿನಾ ಕುಡಿದವರು ಹಟಕ್ಕೆ ಬಿದ್ದು ಒಂದೇ ಏಟಿಗೆ ನಿಲ್ಲಿಸಬೇಡಿ. ಕೈನಡುಕ, ಭ್ರಮೆ, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಡಾಕ್ಟರನ್ನು ಕಂಡು, ಮಾತ್ರೆಯ ಆಸರೆಯಲ್ಲಿ ಬಿಡಿ.

4. ಕುಡಿಯದವರೂ ಸೊಂಟ ಅಳೆದುಕೊಳ್ಳಿ. ಕೊರಳಲ್ಲಿ ತುಳಸಿ ಮಾಳ, ನಾಲಿಗೆಗೆ ಹನಿ ಸೋಂಕಿಲ್ಲ, ಆದರೂ ಸೋನೋಗ್ರಫಿಯಲ್ಲಿ ‘ಫ್ಯಾಟಿ ಲಿವರ್’. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅನುಮಾನಿಸಿ. ಸಕ್ಕರೆ ಕಾಯಿಲೆ ಇದ್ದವರಂತೂ ಪರೀಕ್ಷೆ ಮಾಡಿಸಲೇಬೇಕು. ಕದ್ದು ಸೇರುವ ಸಕ್ಕರೆ ಇರುವುದು ಚಹಾದಲ್ಲಿ. ಪಾಳಿಗೆ ಆರು ಕಪ್, ಕಪ್ಪಿಗೆ ಎರಡು ಚಮಚೆ ಅಂದರೆ 50 ಗ್ರಾಂ ಹತ್ತಿರ. ಅದರ ಅರ್ಧಕ್ಕೆ ಇಳಿಸಿದರೆ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೈತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿದರೆ ಲಿವರಿನ ಕೊಬ್ಬೂ ಉರಿಯೂತವೂ ಕರಗುತ್ತವೆ. ಅಂದರೆ 80 ಕಿಲೋದವರು ಆರರಿಂದ ಎಂಟು ಕಿಲೋ. ಇದಕ್ಕಿಂತ ಒಳ್ಳೆಯ ಮಾತ್ರೆ ಅಂಗಡಿಯಲ್ಲಿಲ್ಲ.

5. ಕಹಿ ಶೇಂಗಾ ಉಗುಳಿ. ಸೊಲ್ಲಾಪುರದ ಶೇಂಗಾ ಹಿಂಡಿ ಇಲ್ಲದೆ ಡಬ್ಬಿ ತುಂಬುವುದಿಲ್ಲ, ಅದನ್ನು ಬಿಡಿ ಎಂದು ನಾನು ಹೇಳುವವನೂ ಅಲ್ಲ. ಆದರೆ ಕಾಳು ಆರಿಸುವಾಗ ಒಮ್ಮೆ ಕೈಯೊಳಗೆ ಹಿಡಿದು ನೋಡಿ: ಚೊಟ್ಟೆ ಬಿದ್ದದ್ದು, ಕಪ್ಪಾದದ್ದು, ಸಿಪ್ಪೆ ತಿಕ್ಕಿದರೆ ಹಸಿರು-ಹಳದಿ ಬೂಸ್ಟು ಕಾಣುವುದು. ತೇವದಲ್ಲಿಟ್ಟ ಶೇಂಗಾ, ಗೋವಿನಜೋಳದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಸ್ಟು ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. ಅದು ಲಿವರ್ ಕ್ಯಾನ್ಸರಿಗೆ ನೇರ ಕಾರಣ. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಎಷ್ಟೋ ಪಟ್ಟು. 1974ರಲ್ಲಿ ಗುಜರಾತ್–ರಾಜಸ್ಥಾನ ಗಡಿಯ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಗೋವಿನಜೋಳ ತಿಂದು ಕಾಮಣಿಯಾಗಿ 106 ಜನ ಸತ್ತರು. ಹುರಿದರೆ ವಿಷ ಪೂರ್ತಿ ಹೋಗುವುದಿಲ್ಲ, ಖಾರ–ಬಳ್ಳುಳ್ಳಿ ಹಾಕಿ ಕುಟ್ಟಿದರೆ ಕಹಿ ಮುಚ್ಚಿಹೋಗುತ್ತದೆ ಅಷ್ಟೇ. ಮಾರುವವರು ಒಡೆದ ಕಾಳನ್ನು ಅಗ್ಗಕ್ಕೆ ಕೊಟ್ಟರೆ ಬೇಡ ಅನ್ನಿ. ಕೆಟ್ಟ ಕಾಳು ದನಕ್ಕೂ ಹಾಕಬೇಡಿ, ವಿಷ ಹಾಲಿನಲ್ಲಿ ತಿರುಗಿ ಬರುತ್ತದೆ.

6. ಡ್ರಮ್ಮಿನ ಮೇಲಿನ ಚೀಟಿ ಓದಿ. ಔಷಧ, ಬಣ್ಣ, ಸಿಂಥೆಟಿಕ್ ಲೆದರಿನ ಕೆಲಸದಲ್ಲಿ ಬಳಸುವ ಡಿಎಂಎಫ್ ಎಂಬ ದ್ರಾವಕ ಮೂಗಿನಿಂದಷ್ಟೇ ಅಲ್ಲ, ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಲಿವರಿಗೆ ಅದು ವಿಷ. ಕೆಲಸ ಮುಗಿಸಿ ಸಂಜೆ ಒಂದು ಪೆಗ್ ಹಾಕಿದಾಗ ಮುಖ ಕೆಂಪೇರಿ ಬಿಸಿಯಾದರೆ ‘ಮಾಲು ಸ್ಟ್ರಾಂಗ್’ ಅಂತ ನಗಬೇಡಿ. ಮೈಯೊಳಗೆ ಡಿಎಂಎಫ್ ಇದೆ ಎಂಬುದಕ್ಕೆ ಅದು ಗುರುತಾಗಿರಬಹುದು. ತೆಳು ನೀಲಿ ನೈಟ್ರೈಲ್ ಗ್ಲೌಸನ್ನು ಡಿಎಂಎಫ್ ಬೇಗ ದಾಟಿಬಿಡುತ್ತದೆ, ಬ್ಯೂಟೈಲ್ ರಬ್ಬರಿನದು ಕೇಳಿ. ಸುರಕ್ಷತಾ ಹಾಳೆ ತೋರಿಸಿ ಎಂದು ಸೂಪರ್‌ವೈಸರ್ ಸಾಹೇಬರನ್ನು ಕೇಳುವುದು ಉದ್ಧಟತನವಲ್ಲ. ವಿಷವಸ್ತುವಿನಿಂದ ಬಂದ ಕಾಮಣಿಯನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ 1948ರ ಕಾರ್ಖಾನೆ ಕಾಯ್ದೆಯೇ ಸೇರಿಸಿತ್ತು.

7. ಮಾತ್ರೆಯ ಚೀಲ ಹಗುರ ಮಾಡಿ. ದೊಡ್ಡವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಕೂಡದು. ಕುಡಿಯುವವರಿಗೆ, ಲಿವರ್ ಕೆಟ್ಟವರಿಗೆ ಅದಕ್ಕಿಂತ ಬಹಳ ಕಡಿಮೆ. ಬೆನ್ನುನೋವಿಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಡೈಕ್ಲೋಫೆನಾಕ್ ಜಠರಕ್ಕೆ ಹುಣ್ಣು ತರುತ್ತದೆ, ಲಿವರಿಗೂ ಒಳ್ಳೆಯದಲ್ಲ. ‘ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ’ ಎಂಬ ಭರವಸೆಯನ್ನೂ ಪರೀಕ್ಷಿಸಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ವಾದ ನಡೆಯಿತು. ವಾದ ಅವರಿಗೆ ಬಿಡಿ. ಕಾಮಣಿ ಇದ್ದಾಗ ಕಷಾಯ ನಿಲ್ಲಿಸಿ.

8. ರಾತ್ರಿ ಪಾಳಿಗೆ ಮೊದಲೇ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ ಸಂಜೆಯೇ ಮುಗಿಯಲಿ. ನಡುರಾತ್ರಿ ಮಜ್ಜಿಗೆ, ಬಾಳೆಹಣ್ಣು, ಹುರಿಗಡಲೆ ಸಾಕು. ನಸುಕಿನ ಮೂರಕ್ಕೆ ಭಜಿ ತಿಂದು ಆರಕ್ಕೆ ಮಲಗಿದರೆ ಎದೆಯುರಿ ಬಾರದೆ ಇರುತ್ತದೆಯೇ? ಗ್ಯಾಸಿನ ಮಾತ್ರೆಯನ್ನು ತಿಂಗಳುಗಟ್ಟಲೆ ನೀವೇ ನುಂಗಬೇಡಿ. ಬೇಸಿಗೆಯಲ್ಲಿ ಭೇದಿಯಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕರಗಿಸಿ ಕುಡಿಯಿರಿ.

9. ಹೆಪಟೈಟಿಸ್ ಬಿ, ಸಿ ಒಮ್ಮೆ ತಪಾಸಣೆ ಮಾಡಿಸಿ. ಇವು ಹರಡುವುದು ರಕ್ತದಿಂದ, ಸೂಜಿಯಿಂದ, ಹಂಚಿಕೊಂಡ ಬ್ಲೇಡಿನಿಂದ, ದೈಹಿಕ ಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಒಂದೇ ತಾಟಿನಲ್ಲಿ ಉಂಡರೆ ಹರಡುವುದಿಲ್ಲ, ಆದ್ದರಿಂದ ಗೆಳೆಯನನ್ನು ಪಂಕ್ತಿಯಿಂದ ಎಬ್ಬಿಸಬೇಡಿ. ಬಿಗೆ ಲಸಿಕೆ ಇದೆ: ದೊಡ್ಡವರಿಗೆ ಆರು ತಿಂಗಳಲ್ಲಿ ಮೂರು ಸೂಜಿ, ಕೂಸಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲನೆಯದು. ಸಿಗೆ ಲಸಿಕೆ ಇಲ್ಲ, ಆದರೆ ಬಹುತೇಕರಿಗೆ 12 ವಾರದ ಮಾತ್ರೆಯಲ್ಲಿ ವಾಸಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ತಪಾಸಣೆ, ಔಷಧಿ ಎರಡೂ ಪುಕ್ಕಟೆ. ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯಲ್ಲಿ ವಿಚಾರಿಸಿ.

10. ರಕ್ತದ ರಿಪೋರ್ಟನ್ನು ನೀವೂ ಲೆಕ್ಕ ಹಾಕಿ. ‘ಎಸ್‌ಜಿಪಿಟಿ ನಾರ್ಮಲ್’ ಎಂದ ಮಾತ್ರಕ್ಕೆ ನಿರಾಳವಾಗಬೇಡಿ, ಸಿರೋಸಿಸ್‌ನಲ್ಲೂ ಅದು ನಾರ್ಮಲ್ ಇರಬಹುದು. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರದ ಲೆಕ್ಕ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ, ಮೊದಲ ಉತ್ತರವನ್ನು ಇದರಿಂದ ಭಾಗಿಸಿ. ಲಿವರಿನ ಕಲೆಯನ್ನು ಅಂದಾಜಿಸುವ ಈ ಲೆಕ್ಕಕ್ಕೆ ಫಿಬ್-4 ಅನ್ನುತ್ತಾರೆ. ಉದಾಹರಣೆಗೆ ವಯಸ್ಸು 42, ಎಸ್‌ಜಿಓಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1,80,000: 42×48 ಅಂದರೆ 2016, 180×8 ಅಂದರೆ 1440, ಉತ್ತರ 1.4. 1.3ರ ಕೆಳಗಿದ್ದರೆ ಸದ್ಯಕ್ಕೆ ಚಿಂತೆ ಕಡಿಮೆ. ಮೇಲಿದ್ದರೆ ಫೈಬ್ರೋಸ್ಕ್ಯಾನ್ ಬೇಕೇ ಎಂದು ಡಾಕ್ಟರನ್ನು ಕೇಳಿ. 2.67 ದಾಟಿದರೆ ತಡಮಾಡಬೇಡಿ. ಈ ಲೆಕ್ಕ 35ರ ಒಳಗಿನವರಿಗೆ ಸರಿಹೊಂದುವುದಿಲ್ಲ, 65 ದಾಟಿದವರಿಗೆ ಗಡಿ 1.3ರ ಬದಲು 2.

11. ಇಎಸ್‌ಐ ಕಾರ್ಡ್ ಪೆಟ್ಟಿಗೆಯಲ್ಲಿ ಇಡಬೇಡಿ. 21,000 ರೂಪಾಯಿವರೆಗಿನ ಪಗಾರದವರಿಂದ 0.75 ಶೇಕಡಾ ಕಡಿತ ಮಾಡುತ್ತಾರೆ, ಮಾಲೀಕರು 3.25 ಶೇಕಡಾ ಕಟ್ಟುತ್ತಾರೆ. ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಪಗಾರದ 70 ಶೇಕಡಾ ಸಿಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ ದೀರ್ಘಕಾಲದ ನೆರವಿನ ಪಟ್ಟಿಯಲ್ಲಿದೆ. ಗುತ್ತಿಗೆದಾರನ ಕೈಕೆಳಗಿನವರಿಗೂ ಹಕ್ಕಿದೆ. ಪಗಾರ ಚೀಟಿಯಲ್ಲಿ ಆ ಕಡಿತ ಕಾಣುತ್ತದೆಯೇ ಇವತ್ತೇ ನೋಡಿ.

12. ಇವು ಕಂಡರೆ ಅದೇ ರಾತ್ರಿ ಹೊರಡಿ. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ದಿಢೀರನೆ ಊದಿದ ಹೊಟ್ಟೆ, ಕಾಮಣಿಯ ಜೊತೆ ತಡಬಡಿಸುವ ಮಾತು. ಲಿವರ್ ಸೋತವನಿಗೆ ಹಗಲು ನಿದ್ದೆ, ರಾತ್ರಿ ಎಚ್ಚರ ಆಗುವುದು ಮಿದುಳಿಗೆ ವಿಷ ಏರುತ್ತಿರುವುದರ ಮೊದಲ ಸೂಚನೆ. ಪಾಳಿಯವರ ಮನೆಯಲ್ಲಿ ಇದನ್ನೇ ‘ನೈಟ್ ಶಿಫ್ಟಿನ ಅಭ್ಯಾಸ’ ಅಂದುಕೊಂಡು ಬಿಟ್ಟುಬಿಡುತ್ತಾರೆ. ಪಾಳಿ ಬದಲಾಗಿ ವಾರವಾದರೂ ನಿದ್ದೆ ತಿರುಗದಿದ್ದರೆ, ಅಕ್ಷರ ಸೊಟ್ಟಗಾದರೆ, ನೀಡಿದ ಕೈ ತಟತಟ ಬಡಿದುಕೊಂಡರೆ ಮನೆಯವರೇ ಗುರುತಿಸಬೇಕು, ರೋಗಿಗೆ ತಿಳಿಯುವುದಿಲ್ಲ. ನಿದ್ದೆ ಮಾತ್ರೆ ಕೊಡಬೇಡಿ, ಮಲಬದ್ಧತೆಯಾಗಲು ಬಿಡಬೇಡಿ. 108ಕ್ಕೆ ಫೋನ್ ಮಾಡಿ, ರೋಗಿ ನುಂಗುತ್ತಿದ್ದ ಎಲ್ಲ ಮಾತ್ರೆ, ಪುಡಿ, ಕಷಾಯದ ಬಾಟಲಿ ಒಂದು ಚೀಲದಲ್ಲಿ ಹಾಕಿಕೊಂಡು ಜೊತೆಗೇ ಹೋಗಿ.